ಎತ್ತಿನ ಹಿಂಗಾಲು ಸೆಟೆದುಕೊಂಡು ನೆಲಕ್ಕೆ ಉಜ್ಜುತ್ತಿದೆ: ಇದು ಸೊಂಟದ ತೊಂದರೆಯೇ, ಮಂಡಿಯದೇ?

ಪ್ರಶ್ನೆ: ರೈತ, ಪಾಂಡವಪುರ ತಾಲ್ಲೂಕು

ಮಾನ್ಯರೇ, ನಮ್ಮ ಹಳ್ಳಿಕಾರ್ ಜೋಡಿಯಲ್ಲಿ ಎಡಗಡೆ ಕಟ್ಟುವ ಆರು ಹಲ್ಲಿನ ಎತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎದ್ದ ಕೂಡಲೇ ಬಲ ಹಿಂಗಾಲನ್ನು ಮಡಿಸಲಾಗದೆ ಹಿಂದಕ್ಕೆ ಚಾಚಿಕೊಂಡೇ ಎಳೆಯುತ್ತದೆ. ಸ್ವಲ್ಪ ದೂರ ನಡೆದ ಮೇಲೆ ಟಕ್ಕೆಂದು ಕಾಲು ಬಿಟ್ಟುಕೊಂಡು, ಆಮೇಲೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಆ ಕಾಲಿನ ಗೊರಸಿನ ಮುಂತುದಿ ಸವೆದು ಚಪ್ಪಟೆಯಾಗಿದೆ. ಊರಿನ ಹಿರಿಯರು ಸೊಂಟ ಉಳುಕಿದೆ, ಬರೆ ಹಾಕಿಸು ಎನ್ನುತ್ತಾರೆ. ನೋವಿನ ಇಂಜೆಕ್ಷನ್ ಕೊಡಿಸಿದರೂ ಗುಣವಾಗಲಿಲ್ಲ. ಒಳಗೆ ಏನಾಗಿರುತ್ತದೆ, ಎತ್ತು ಮತ್ತೆ ಗದ್ದೆಗೆ ಇಳಿಯಬಲ್ಲದೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಪಶುವೈದ್ಯ, ಮೈಸೂರು

ನೀವು ಬರೆದಿರುವ ಲಕ್ಷಣಗಳು ಮಂಡಿಚಿಪ್ಪು ಮೇಲೆ ಸಿಕ್ಕಿಕೊಳ್ಳುವ ತೊಂದರೆಯನ್ನೇ ಹೇಳುತ್ತಿವೆ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ದಿಂಡುಗಳಿದ್ದು, ಅವುಗಳ ನಡುವಿನ ಕಾಲುವೆಯಲ್ಲಿ ಚಿಪ್ಪು ಮೇಲೆ ಕೆಳಗೆ ಜಾರುತ್ತಿರುತ್ತದೆ. ದನ ಮತ್ತು ಕುದುರೆಗಳಲ್ಲಿ ಈ ಚಿಪ್ಪನ್ನು ಕೆಳಗಾಲಿನ ಮೂಳೆಗೆ ಬಿಗಿಯುವ ಅಸ್ಥಿರಜ್ಜುಗಳು ಮೂರು. ಕುರಿ, ಮೇಕೆ, ನಾಯಿಗಳಲ್ಲಿ ಒಂದೇ. ಒಳಬದಿಯ ದಿಂಡು ಹೊರಬದಿಯದಕ್ಕಿಂತ ದಪ್ಪವಾಗಿರುವುದರಿಂದ, ಚಿಪ್ಪು ಅತಿಯಾಗಿ ಮೇಲೆ ಸರಿದಾಗ ಒಳಬದಿಯ ರಜ್ಜು ಗೂಟಕ್ಕೆ ಹಾಕಿದ ಕುಣಿಕೆಯಂತೆ ಆ ದಿಂಡಿನ ಮೇಲೆ ಕೂತುಬಿಡುತ್ತದೆ. ಕುದುರೆ ನಿಂತಲ್ಲೇ ದಣಿವಾರಿಸಿಕೊಳ್ಳುವುದಕ್ಕೆ ನೆರವಾಗುವುದು ಇದೇ ಏರ್ಪಾಡು. ಬೇಕೆಂದಾಗ ಬಿಡಿಸಿಕೊಳ್ಳಲಾಗದಿದ್ದರೆ ಮಾತ್ರ ಅದು ರೋಗ. ಮಂಡಿ ಮತ್ತು ಹಿಮ್ಮಡಿ ಕೀಲುಗಳು ಒಂದಕ್ಕೊಂದು ಹೊಂದಿಕೊಂಡೇ ಮಡಿಸುವುದರಿಂದ ಮಂಡಿ ಸೆಟೆದರೆ ಹಿಮ್ಮಡಿಯೂ ಮಡಿಸದು, ಗೊರಸು ನೆಲಕ್ಕೆ ಉಜ್ಜುತ್ತದೆ. ಬರೆಯ ಕಾವು ಚರ್ಮವನ್ನು ಸುಟ್ಟು ಎತ್ತಿಗೆ ಹಿಂಸೆ ಕೊಡುತ್ತದೆಯೇ ಹೊರತು ಆ ಕುಣಿಕೆಯನ್ನು ಬಿಡಿಸಲಾರದು.

ಇದಕ್ಕೆ ಶಸ್ತ್ರಚಿಕಿತ್ಸೆ ಚಿಕ್ಕದು. ತೊಂದರೆಯ ಕಾಲು ಕೆಳಗೆ ಬರುವಂತೆ ಎತ್ತನ್ನು ಕೆಡವಿ, 2% ಲಿಗ್ನೊಕೇನ್‌ನಿಂದ ಜಾಗವನ್ನು ಮರಗಟ್ಟಿಸಿ, ಒಳಬದಿಯ ರಜ್ಜನ್ನು ಅದರ ಕೆಳತುದಿಯ ಹತ್ತಿರ ಕತ್ತರಿಸಲಾಗುತ್ತದೆ. ಇನ್ನೂ ಮೇಲೆ ಕತ್ತರಿಸಿದರೆ ಕೀಲಿನ ಚೀಲಕ್ಕೆ ಪೆಟ್ಟಾಗುವ ಅಪಾಯವುಂಟು. ಸಾಮಾನ್ಯವಾಗಿ ಎದ್ದು ನಿಂತ ಕೂಡಲೇ ಕಾಲು ಮಡಿಸುವುದನ್ನು ನೀವೇ ನೋಡುತ್ತೀರಿ. ಆದರೂ ಗಾಯ ಮಾಯುವವರೆಗೆ ನೊಗ ಹೂಡಬೇಡಿ.

ಉತ್ತರ 2: ರೈತ, ಮಳವಳ್ಳಿ ತಾಲ್ಲೂಕು

ಅಣ್ಣಾ, ನಮ್ಮ ಎತ್ತಿಗೂ ಇದೇ ಆಗಿತ್ತು. ಆಪರೇಷನ್ ಆದ ಮೇಲೆ ಕಬ್ಬಿನ ಗಾಡಿಯನ್ನೂ ಎಳೆದಿದೆ, ಧೈರ್ಯವಾಗಿರಿ. ಮುಂದೆ ಎತ್ತು ಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ನಡೆದಷ್ಟೂ ಈ ಕಾಲು ಸಡಿಲವಾಗುವುದರಿಂದ, ಮುಡುಕುತೊರೆಯಾಗಲಿ ಬೇಬಿ ಬೆಟ್ಟವಾಗಲಿ, ಜಾತ್ರೆಯಲ್ಲಿ ಆಗಲೇ ಅಡ್ಡಾಡಿಸಿ ತಂದ ಎತ್ತಿನಲ್ಲಿ ದೋಷ ಕಾಣುವುದೇ ಇಲ್ಲ. ಮಲಗಿರುವ ಎತ್ತನ್ನು ಎಬ್ಬಿಸಿ ಮೊದಲ ಹೆಜ್ಜೆಗಳನ್ನು ನೋಡಬೇಕು, ಹಿಂಗೊರಸಿನ ತುದಿಯನ್ನು ಕೈಯಿಂದ ಮುಟ್ಟಿ ನೋಡಬೇಕು.

ಉತ್ತರ 3: ಪಶುವೈದ್ಯೆ, ಮಂಡ್ಯ

ಕೊಯ್ಯುವ ಮುನ್ನ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಮಂಡಿಯ ಒಳಗಿನ ಅಡ್ಡರಜ್ಜು ಹರಿದಿದ್ದರೆ ಕೀಲು ಊದಿಕೊಂಡು, ಭಾರ ಹಾಕಿದಾಗಲೆಲ್ಲ ಕಟಕಟ ಸದ್ದು ಬರುತ್ತದೆ. ಎತ್ತು ದಿನವಿಡೀ ಕುಂಟುತ್ತದೆ. ಸೊಂಟದ ಕೀಲು ತಪ್ಪಿದ್ದರೆ ಒಂದು ಕಾಲು ಗಿಡ್ಡವಾಗಿಯೋ ಹೊರಕ್ಕೆ ತಿರುಗಿಯೋ ಕಾಣುತ್ತದೆ. ಇವೆರಡಕ್ಕೂ ಈ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ನೋವಿನ ಇಂಜೆಕ್ಷನ್ ಯಾವುದೆಂದು ನೀವು ಬರೆದಿಲ್ಲ. ಡೈಕ್ಲೋಫೆನಾಕ್ ಆಗಿದ್ದರೆ ದಯವಿಟ್ಟು ಮತ್ತೆ ಕೊಡಿಸಬೇಡಿ. ಅದನ್ನು ಕೊಟ್ಟ ದನ ಸತ್ತಾಗ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂಬ ಕಾರಣಕ್ಕೆ 2006ರಲ್ಲಿಯೇ ಪಶುಗಳಿಗೆ ಅದನ್ನು ನಿಷೇಧಿಸಲಾಗಿದೆ, ಮತ್ತು ರಣಹದ್ದುಗಳಿಗಾಗಿಯೇ ಕಾಯ್ದಿಟ್ಟ ರಾಮದೇವರ ಬೆಟ್ಟ ನಮ್ಮ ಪಕ್ಕದಲ್ಲೇ ಇದೆ. ಆಸ್ಪತ್ರೆಗೆ ಸಾಗಿಸುವುದು ಕಷ್ಟವಾದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಈ ಬೆಳಿಗ್ಗೆ ಗಮನಿಸಿದೆ: ಊತವಿಲ್ಲ, ಎರಡೂ ಕಾಲು ಸಮವಾಗಿವೆ, ಹಿಂದಕ್ಕೆ ನಡೆಸಿದಾಗ ಕಾಲು ಬಿಟ್ಟುಕೊಂಡಿತು. ಮುಂದೆ ಬಾರದಿರಲೆಂದು ಎಡಗಾಲಿಗೂ ಒಟ್ಟಿಗೇ ಮಾಡಿಸಬಹುದೇ?

ಉತ್ತರ 1ರ ಪಶುವೈದ್ಯ

ಬೇಡ. ಆ ರಜ್ಜು ಚಿಪ್ಪನ್ನು ಒಳಬದಿಯಿಂದ ಹಿಡಿದಿರುತ್ತದೆ. ಕತ್ತರಿಸಿದ ಮೇಲೆ ಚಿಪ್ಪಿನ ಮೇಲೆ ಬೀಳುವ ಎಳೆತವೇ ಬದಲಾಗುತ್ತದೆ, ಕುದುರೆಗಳಲ್ಲಿ ಇದರಿಂದ ಚಿಪ್ಪಿನ ತುದಿ ಚೂರಾಗುವುದೂ ಉಂಟು. ಎಡಗಾಲು ಸಿಕ್ಕಿಕೊಳ್ಳುವ ಲಕ್ಷಣ ಕಂಡಾಗ ನೋಡೋಣ, ಈಗ ಬಲಗಾಲನ್ನಷ್ಟೇ ಮಾಡಿಸಿ.