ಸಮುದ್ರದ ನೀರಿನ ಆರ್‌ಓ: ರಿಕವರಿ ಶೇ. 50ಕ್ಕೆ ಏರಿಸಿದರೆ ಕರೆಂಟ್ ಉಳಿಯುತ್ತದಾ?

ಪ್ರಶ್ನೆ:
ದಿನಕ್ಕೆ 1,000 ಘನ ಮೀಟರ್ ಸಿಹಿನೀರು ಕೊಡುವ ಆರ್‌ಓ (ಉಪ್ಪುನೀರನ್ನು ಒತ್ತಿ ಮೆಂಬ್ರೇನ್ ಎಂಬ ತೆಳುಪೊರೆಯಲ್ಲಿ ಸೋಸುವ) ಪ್ಲಾಂಟ್. ಬರುವ ನೀರಿನಲ್ಲಿ ಉಪ್ಪು ಲೀಟರಿಗೆ 35 ಗ್ರಾಂ, ಪ್ರೆಶರ್ 60 ಬಾರ್, ರಿಕವರಿ (ಬಂದ ನೀರಿನಲ್ಲಿ ಸಿಹಿನೀರಾಗುವ ಪಾಲು) ಶೇ. 40. ಹೈ ಪ್ರೆಶರ್ ಪಂಪೊಂದೇ ಘನ ಮೀಟರಿಗೆ ಸುಮಾರು 5 ಯೂನಿಟ್ ತಿನ್ನುತ್ತಿದೆ. ಬ್ರೈನ್ (ಉಳಿಯುವ ಗಟ್ಟಿ ಉಪ್ಪುನೀರು) ವಾಲ್ವ್ ದಾಟಿ ದಡದ ಪಕ್ಕದಲ್ಲೇ ಸಮುದ್ರ ಸೇರುತ್ತದೆ. ಎಸ್‌ಡಿಐ (ಫಿಲ್ಟರನ್ನು ಕಟ್ಟಿಸುವ ಕೊಳೆ ನೀರಿನಲ್ಲಿ ಎಷ್ಟಿದೆ ಎಂಬ ಅಳತೆ) 4.5ರ ಆಸುಪಾಸು, ಕ್ಲೋರಿನ್ ದಿನವಿಡೀ ಹಾಕುತ್ತೇವೆ. ರಿಕವರಿ ಏರಿಸಿದರೆ ಕರೆಂಟೂ ಉಳಿದು, ಸಮುದ್ರಕ್ಕೆ ಆಗುವ ಹಾನಿಯೂ ಕಮ್ಮಿ ಆಗುತ್ತದಾ?

ಉತ್ತರ 1:
ಮೊದಲು ಕೈ ಹಾಕಬೇಕಾದ್ದು ರಿಕವರಿಗಲ್ಲ, ಆ ವಾಲ್ವಿಗೆ. ಈಗ ಒಂದು ಘನ ಮೀಟರ್ ಸಿಹಿನೀರಿಗಾಗಿ ಎರಡೂವರೆ ಘನ ಮೀಟರ್ ನೀರನ್ನು 60 ಬಾರ್ ಪ್ರೆಶರ್‌ಗೆ ಏರಿಸುತ್ತಿದ್ದೀರಿ. ಅದರಲ್ಲಿ ಒಂದೂವರೆ ಘನ ಮೀಟರ್, ಹೆಚ್ಚುಕಮ್ಮಿ 58 ಬಾರ್ ಇಟ್ಟುಕೊಂಡೇ ಹೊರಬಂದು ವಾಲ್ವಿನಲ್ಲಿ ವ್ಯರ್ಥವಾಗುತ್ತದೆ. ಪ್ರೆಶರ್ ಎಕ್ಸ್‌ಚೇಂಜರ್ (ಬ್ರೈನ್‌ನ ಒತ್ತಡವನ್ನು ಒಳಬರುವ ನೀರಿಗೆ ದಾಟಿಸುವ ಯಂತ್ರ) ಕೂರಿಸಿದರೆ ಆ ಶಕ್ತಿಯ ಶೇ. 95ರಷ್ಟು ಒಳಬರುವ ನೀರಿಗೇ ವಾಪಸ್. ದೊಡ್ಡ ಪಂಪಿಗೆ ಉಳಿಯುವ ಕೆಲಸ ಸಿಹಿನೀರಿನಷ್ಟು ನೀರನ್ನು ಒತ್ತುವುದು ಮಾತ್ರ: ಲೆಕ್ಕಕ್ಕೆ 1.67 ಯೂನಿಟ್, ಪಂಪ್ ಮತ್ತು ಮೋಟಾರ್ ನಷ್ಟ ಸೇರಿ ಸುಮಾರು 2. ಕಮ್ಮಿಬೀಳುವ ಎರಡು ಮೂರು ಬಾರ್ ಪ್ರೆಶರ್‌ಗೆ ಚಿಕ್ಕ ಬೂಸ್ಟರ್ ಪಂಪ್ ಬೇಕೇ ಬೇಕು. ಹಳೆಯ ಪಂಪನ್ನೇ ಉಳಿಸಿಕೊಳ್ಳಬೇಡಿ, ಅದು ಈ ಹರಿವಿಗೆ ತೀರಾ ದೊಡ್ಡದು.

ವಾಲ್ವ್ ಹಾಗೇ ಬಿಟ್ಟು ರಿಕವರಿ ಏರಿಸಿದರೂ ಯೂನಿಟ್ ಇಳಿಯುತ್ತದೆ, ಆದರೆ 4.3ರ ಹತ್ತಿರಕ್ಕಷ್ಟೇ. ಶೇ. 50ರಲ್ಲಿ ಕೊನೆಯ ಮೆಂಬ್ರೇನಿನ ಎದುರು ಆಸ್ಮಾಟಿಕ್ ಒತ್ತಡವೇ (ಉಪ್ಪು ನೀರನ್ನು ತನ್ನ ಕಡೆಗೆ ಎಳೆಯುವ, ಪಂಪ್ ಮೀರಬೇಕಾದ ಒತ್ತಡ) 54 ಬಾರ್ ದಾಟುತ್ತದೆ. 60 ಬಾರ್ ಸಾಲದು, 65 ಬೇಕಾಗುತ್ತದೆ.

ಉತ್ತರ 2:
ಎಸ್‌ಡಿಐ 3ರ ಕೆಳಗೆ ಬರುವ ತನಕ ರಿಕವರಿ ಮುಟ್ಟಬೇಡಿ. ಕಾರ್ಟ್ರಿಜ್ ಫಿಲ್ಟರಿನ ಹೌಸಿಂಗ್ (ಹೊರಕವಚ) ಬಿಚ್ಚಿ ಒಳಗೋಡೆಗೆ ಬೆರಳು ಸವರಿ ನೋಡಿ. ಲೋಳೆ ಲೋಳೆ ಜಾರಿದರೆ ಅದು ಬಯೋಫೌಲಿಂಗ್, ಅಂದರೆ ಬ್ಯಾಕ್ಟೀರಿಯಾ ಬೆಳೆದು ಕಟ್ಟಿದ ಪದರ. ದಿನವಿಡೀ ಹಾಕುವ ಕ್ಲೋರಿನ್ ನೀರಿನಲ್ಲಿರುವ ದೊಡ್ಡ ಸಾವಯವ ಅಣುಗಳನ್ನು ಒಡೆದು, ಬದುಕುಳಿದ ಬ್ಯಾಕ್ಟೀರಿಯಾಕ್ಕೆ ಊಟ ಮಾಡಿಕೊಡುತ್ತದೆ. ಆಗಾಗ ಸ್ವಲ್ಪ ಹೊತ್ತು ಮಾತ್ರ ಹೆಚ್ಚು ಕ್ಲೋರಿನ್, ಅಂದರೆ ಶಾಕ್ ಡೋಸ್ ಕೊಡುವುದು ವಾಸಿ. ಮೆಂಬ್ರೇನಿಗೆ ಮಾತ್ರ ಒಂದಿಷ್ಟೂ ಕ್ಲೋರಿನ್ ತಾಗಬಾರದು: 1 ಮಿ.ಗ್ರಾಂ ಕ್ಲೋರಿನ್‌ಗೆ 3 ಮಿ.ಗ್ರಾಂ ಮೆಟಾಬೈಸಲ್ಫೈಟ್ (ಕ್ಲೋರಿನ್ ಇಲ್ಲವಾಗಿಸುವ ರಾಸಾಯನಿಕ) ಹಾಕಿ, ಅದರ ನಂತರ ಕ್ಲೋರಿನ್ ಉಳಿದಿದೆಯಾ ಎಂದು ತಿಳಿಸುವ ಓಆರ್‌ಪಿ ಮೀಟರ್ ಇಡಿ. ಮೆಂಬ್ರೇನಿನ ಪಾಲಿಅಮೈಡ್ ಪದರ ಕ್ಲೋರಿನ್‌ಗೆ ಒಮ್ಮೆ ಸುಟ್ಟರೆ ಯಾವ ಕ್ಲೀನಿಂಗೂ ಅದನ್ನು ವಾಪಸ್ ತರದು.

ಉತ್ತರ 3:
ಸಮುದ್ರದ ವಿಚಾರ. ರಿಕವರಿ ಏರಿದರೆ ಬ್ರೈನ್ 1,500ರಿಂದ 1,000 ಘನ ಮೀಟರಿಗೆ ಇಳಿಯುತ್ತದೆ, ಉಪ್ಪು ಮಾತ್ರ 58ರಿಂದ 70 ಗ್ರಾಂಗೆ ಏರುತ್ತದೆ. ಕ್ಯಾಲಿಫೋರ್ನಿಯಾದ 2015ರ ನಿಯಮದಂತೆ 100 ಮೀಟರ್ ದೂರದಲ್ಲಿ ಹೆಚ್ಚಳ 2 ಗ್ರಾಂ ಮೀರಬಾರದು. ಅದಕ್ಕೆ ಬ್ರೈನ್ ಈಗ ಸಮುದ್ರದ ನೀರಿನಲ್ಲಿ ಸುಮಾರು 12 ಪಟ್ಟು ಬೆರೆತರೆ ಸಾಕು, ಶೇ. 50ರಲ್ಲಿ ಹದಿನೇಳೂವರೆ ಪಟ್ಟು ಬೇಕು. ದಡದಲ್ಲಿ ಸುಮ್ಮನೆ ಸುರಿದ ಬ್ರೈನ್ ಭಾರಕ್ಕೆ ತಳ ಹಿಡಿದು ಹಾಸಿನಂತೆ ಹರಿಯುತ್ತದೆ. ಓಡಲಾಗದ ಹುಲ್ಲು, ಚಿಪ್ಪುಜೀವಿಗಳೇ ಮೊದಲು ಸಾಯುತ್ತವೆ. ಅಲೆ, ಪ್ರವಾಹ ಚೆನ್ನಾಗಿರುವ ಆಳಕ್ಕೆ ಪೈಪ್ ಒಯ್ದು, 60 ಡಿಗ್ರಿ ಮೇಲ್ಮುಖವಾಗಿ ಚಿಮ್ಮಿಸುವ ಡಿಫ್ಯೂಸರ್ (ಬ್ರೈನನ್ನು ಬೇಗ ಬೆರೆಸುವ ನಳಿಕೆ) ಹಾಕಿಸಿ. ಇನ್ನೊಂದು: ಮೇಲೆ ಹೇಳಿದ ಮೆಟಾಬೈಸಲ್ಫೈಟ್ ಹೆಚ್ಚಾದರೆ ಬ್ರೈನ್‌ನ ಆಮ್ಲಜನಕವನ್ನೇ ನುಂಗುತ್ತದೆ, ಹಾಗಾಗಿ ಹೊರಹೋಗುವ ಪೈಪಿನಲ್ಲೂ ಆಮ್ಲಜನಕ ಅಳೆಯಿರಿ.