ಕ್ರೀಡೆಯ ‘ಸೀಸನ್’: ಋತುವೋ, ಆವೃತ್ತಿಯೋ, ಹಂಗಾಮೋ?

ಮಾನ್ಯರೆ,

ಕೆನಡಿಯನ್ ಫುಟ್‌ಬಾಲ್ ಲೀಗಿನ 2019ರ ಪಂದ್ಯಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಟದ ಪರಿಭಾಷೆಯೇ ತೊಡಕಾದೀತೆಂದು ಅಂಜಿದ್ದೆ. ಆದರೆ ಟಚ್‌ಡೌನ್, ಕ್ವಾರ್ಟರ್‌ಬ್ಯಾಕ್ ಮೊದಲಾದವನ್ನು ಇದ್ದಂತೆಯೇ ಇರಿಸಿಕೊಂಡರೆ ಯಾರ ತಕರಾರೂ ಇರಲಾರದು. ನಾನು ಸಿಕ್ಕಿಹಾಕಿಕೊಂಡದ್ದು ನಾವೆಲ್ಲ ದಿನ ಬೆಳಗಾದರೆ ಬಳಸುವ ‘ಸೀಸನ್’ ಎಂಬ ಪದದಲ್ಲಿ.

ಓದುಗರಿಗೆ ಒಂದು ಮಾತು. ಇದು ನಾವು ಕಾಲ್ಚೆಂಡು ಎನ್ನುವ ಆಟವಲ್ಲ. ಕೈಯಲ್ಲಿ ಚೆಂಡು ಹಿಡಿದು ಓಡುವ, ಅಮೆರಿಕದ ಫುಟ್‌ಬಾಲಿಗೆ ದಾಯಾದಿಯಾದ ಆಟ. ತಂಡಕ್ಕೆ ಹನ್ನೊಂದರ ಬದಲು 12 ಮಂದಿ, ಹತ್ತು ಗಜ ಮುನ್ನಡೆಯಲು ನಾಲ್ಕರ ಬದಲು ಮೂರೇ ಅವಕಾಶ. ಒಂಬತ್ತು ತಂಡಗಳು ತಲಾ 18 ಲೀಗ್ ಪಂದ್ಯಗಳನ್ನಾಡಿ, ಕೊನೆಗೆ ಗ್ರೇ ಕಪ್‌ಗಾಗಿ ಸೆಣಸುತ್ತವೆ.

ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಹೆಚ್ಚಾಗಿ ಕಾಣುವುದು ‘ಋತು’. ಆದರೆ 2019ರ ಈ ‘ಋತು’ ಜೂನ್ 13ರಂದು ಶುರುವಾಗಿ ನವೆಂಬರ್ 24ಕ್ಕೆ ಮುಗಿಯಿತು. ನಮ್ಮ ಪಂಚಾಂಗದಂತೆ ಅದು ಗ್ರೀಷ್ಮದಲ್ಲಿ ಹುಟ್ಟಿ, ವರ್ಷ ಋತುವನ್ನು ದಾಟಿ, ಶರದೃತುವಿನ ಕೊನೆಗೆ ಬಂದು ನಿಂತಿತು. ಹೀಗೆ ಒಂದು ಋತುವಿನ ಹೊಟ್ಟೆಯಲ್ಲಿ ಮೂರು ಋತುಗಳಾದವು. ‘ಜುಲೈನ ಸೆಕೆಯಲ್ಲಿ ಆಡಿದವರೇ ನವೆಂಬರಿನ ಕೊರೆಯುವ ಚಳಿಯಲ್ಲೂ ಆಡುತ್ತಾರೆ’ ಎಂದು ಮೂಲ ಲೇಖಕರು ಹವಾಮಾನವನ್ನೇ ಮುಖ್ಯವಾಗಿ ಹೇಳುವ ಕಡೆ, ‘ಋತು ಬದಲಾದರೂ ಋತು ಮುಗಿದಿರಲಿಲ್ಲ’ ಎಂಬಂಥ ವಾಕ್ಯ ನನ್ನ ಕರಡಿನಲ್ಲಿ ನಿಜಕ್ಕೂ ಬಂದುಬಿಟ್ಟಿತ್ತು. ಇನ್ನೊಂದು ಪೇಚು 2020ರದು. ಸಾಂಕ್ರಾಮಿಕದಿಂದಾಗಿ ಆ ವರ್ಷ ಒಂದೂ ಪಂದ್ಯ ನಡೆಯಲಿಲ್ಲ. ‘ಋತುವನ್ನು ರದ್ದುಪಡಿಸಲಾಯಿತು’ ಎಂದು ಬರೆದರೆ, ಆ ಅಧಿಕಾರ ಯಾರಿಗಿದೆ ಎಂದು ಯಾರಾದರೂ ಕೇಳಿಯಾರು.

‘ಆವೃತ್ತಿ’ಯನ್ನು ಐಪಿಎಲ್ ನಮಗೆ ರೂಢಿ ಮಾಡಿಸಿದೆ. ಎಣಿಕೆಗೆ ಅದು ಸೊಗಸಾದ ಪದ; ಆದರೆ ಎಣಿಕೆಗಷ್ಟೇ. ಇಲ್ಲಿ ಅದೂ ಕೈಕೊಡುತ್ತದೆ. ಲೀಗ್ ಸ್ಥಾಪನೆಯಾದದ್ದು 1958ರಲ್ಲಿ. ಆ ಲೆಕ್ಕದಲ್ಲಿ 2019ರದು 62ನೆಯದು. ಗ್ರೇ ಕಪ್ ಅದಕ್ಕಿಂತ ಹಿರಿದು, 1909ರಿಂದ ನಡೆದುಬಂದದ್ದು. ಮೊದಲ ಮಹಾಯುದ್ಧದ ದಿನಗಳಲ್ಲಿ ಮೂರು ವರ್ಷ, ಅದರ ಮರುವರ್ಷ 1919ರಲ್ಲಿ ಇನ್ನೊಮ್ಮೆ ಅದು ನಡೆಯಲಿಲ್ಲವಾಗಿ, 2019ರಲ್ಲಿ ಕ್ಯಾಲ್ಗರಿಯಲ್ಲಿ ಆಡಿದ್ದು 107ನೆಯ ಗ್ರೇ ಕಪ್. ‘2019ರ ಆವೃತ್ತಿ’ ಎಂದರೆ 62ನೆಯದೋ 107ನೆಯದೋ? ನಾನು ಆವೃತ್ತಿಯನ್ನು ಕಪ್‌ಗೆ ಬಿಟ್ಟುಕೊಟ್ಟಿದ್ದೇನೆ. ‘2019ನೇ ಸಾಲು’ ಎಂದು ಬರೆದರಂತೂ ಟೆಂಡರ್ ಪ್ರಕಟಣೆಯ ವಾಸನೆ ಬರುತ್ತದೆ. ‘ಸುಗ್ಗಿ’ ಗೆದ್ದವರಿಗೆ ಸಂದೀತು, ಆದರೆ ಆ ವರ್ಷ 18ರಲ್ಲಿ 15 ಪಂದ್ಯ ಸೋತ ಒಟ್ಟಾವ ತಂಡದ್ದನ್ನು ಯಾವ ಬಾಯಿಂದ ಸುಗ್ಗಿ ಎನ್ನಲಿ?

ನನಗೆ ಒಪ್ಪಿಗೆಯಾಗುತ್ತಿರುವುದು ‘ಹಂಗಾಮು’. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು ಎನ್ನುವಾಗ ನಾವು ಹವೆಯನ್ನಷ್ಟೇ ಅಲ್ಲ, ಆ ಅವಧಿಯಲ್ಲಿ ನಡೆಯುವ ದುಡಿಮೆಯನ್ನೂ ಹೇಳುತ್ತಿರುತ್ತೇವೆ. ಅದಕ್ಕೊಂದು ಶುರುವುಂಟು, ಕೊನೆಯುಂಟು. ಕಾರ್ಖಾನೆ ಈ ಸಲ ಹಂಗಾಮು ನಡೆಸದಿರಬಹುದು, ಬೇಗ ಮುಗಿಸಲೂಬಹುದು. ಆದ್ದರಿಂದ 2020ರ ಸಮಸ್ಯೆ ಇಲ್ಲಿ ತಾನಾಗಿಯೇ ಬಗೆಹರಿಯುತ್ತದೆ. ಪದ ಪಾರಸಿಯಿಂದ ಬಂದದ್ದು. ಅಲ್ಲಿಯೂ ಅದಕ್ಕೆ ಸಮಯ, ಕಾಲ ಎಂಬ ಅರ್ಥವಿದೆ. ಮರಾಠಿ ಪತ್ರಿಕೆಗಳು ಐಪಿಎಲ್‌ಗೂ ಇದೇ ಪದವನ್ನು ಸಲೀಸಾಗಿ ಬಳಸುತ್ತವೆ. ಬೆಳಗಾವಿ, ವಿಜಯಪುರದ ಕಡೆಯವರಿಗೆ ಇದು ವಿಚಿತ್ರವೆನಿಸಲಾರದು. ಮೈಸೂರು ಸೀಮೆಯ ಕಿವಿಗೆ ಹೇಗೆ ಕೇಳೀತೋ ಅದನ್ನು ಅಲ್ಲಿನವರೇ ಹೇಳಬೇಕು.

ಆದರೆ ಇದರಲ್ಲೊಂದು ಮುಳ್ಳಿದೆ. ‘ಹಂಗಾಮಿ’ ಎಂದೊಡನೆ ನೆನಪಾಗುವುದು ಹಂಗಾಮಿ ಸಭಾಧ್ಯಕ್ಷ, ಹಂಗಾಮಿ ನೌಕರ. ‘ಹಂಗಾಮಿನ ನಾಯಕ’ ಎಂದು ನಾನು ಬರೆದು, ಅಚ್ಚಿನಲ್ಲಿ ‘ನ’ ಒಂದು ಬಿದ್ದುಹೋದರೆ, ವರ್ಷವಿಡೀ ತಂಡವನ್ನು ಮುನ್ನಡೆಸಿದ ಮನುಷ್ಯ ಒಂದೇ ಅಕ್ಷರದ ಲೋಪಕ್ಕೆ ತಾತ್ಕಾಲಿಕ ನಾಯಕನಾಗಿಬಿಡುತ್ತಾನೆ. ಸಮಾಸ ಮಾಡದೆ ಎಲ್ಲ ಕಡೆಯೂ ‘ಹಂಗಾಮಿನ’ ಎಂದೇ ಬಿಡಿಸಿ ಬರೆಯುವುದು ಇದಕ್ಕೆ ಪರಿಹಾರವೆಂದುಕೊಂಡಿದ್ದೇನೆ.

ಕರಾವಳಿಯವನಾದ ನನಗೆ ಮೊದಲು ಹೊಳೆದದ್ದು ಬೇರೆಯೇ ಪದ, ಯಕ್ಷಗಾನದ ‘ತಿರುಗಾಟ’. ದೀಪಾವಳಿ ಕಳೆದು ಮೇಳ ಹೊರಟರೆ ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಒಂದು ತಿರುಗಾಟ. ಕಲಾವಿದನ ಅನುಭವವನ್ನು ವರ್ಷಗಳಲ್ಲಿ ಎಣಿಸದೆ ‘ಅವರದು ಮೂವತ್ತು ತಿರುಗಾಟವಾಯಿತು’ ಎಂದೇ ಹೇಳುವುದು ವಾಡಿಕೆ. ನಾನು ಅನುವಾದಿಸುತ್ತಿರುವ ಬರಹದ ಮುಖ್ಯ ಪಾತ್ರಧಾರಿಗೆ ಈ ಪದ ಚೆನ್ನಾಗಿ ಒಗ್ಗುತ್ತಿತ್ತು. ಝ್ಯಾಕ್ ಕೊಲಾರೋಸ್ ಎಂಬ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) 2019ರ ಮೊದಲ ಪಂದ್ಯದಲ್ಲಿ ಸಸ್ಕ್ಯಾಚೆವಾನ್ ತಂಡಕ್ಕಾಗಿ ಕಣಕ್ಕಿಳಿದು, ಆರಂಭದಲ್ಲೇ ಹ್ಯಾಮಿಲ್ಟನ್ ಆಟಗಾರನ ಹೊಡೆತಕ್ಕೆ ಸಿಕ್ಕಿ ಹೊರನಡೆದ. ಬೇಸಿಗೆಯಲ್ಲಿ ಅವನನ್ನು ಟೊರಾಂಟೊ ತಂಡಕ್ಕೆ ಬಿಟ್ಟುಕೊಡಲಾಯಿತು; ಅಲ್ಲಿ ಒಂದೂ ಪಂದ್ಯವಾಡದೆ ಅಕ್ಟೋಬರಿನಲ್ಲಿ ವಿನಿಪೆಗ್ ಸೇರಿದ; ನವೆಂಬರಿನ ಅಂತಿಮ ಪಂದ್ಯದಲ್ಲಿ ಅದೇ ಹ್ಯಾಮಿಲ್ಟನ್ ತಂಡವನ್ನು ವಿನಿಪೆಗ್ 33–12ರಿಂದ ಮಣಿಸಿ, 1990ರ ನಂತರ ಮೊದಲ ಸಲ ಗ್ರೇ ಕಪ್ ಗೆದ್ದಾಗ ಕ್ವಾರ್ಟರ್‌ಬ್ಯಾಕ್ ಅವನೇ. ನಮ್ಮ ಕಡೆ ಮೇಳ ಬಿಟ್ಟು ಮೇಳ ಸೇರುವುದು ಸಾಮಾನ್ಯವಾಗಿ ಎರಡು ತಿರುಗಾಟಗಳ ನಡುವೆ. ಇವನದು ಒಂದೇ ತಿರುಗಾಟದಲ್ಲಿ ಮೂರು ಮೇಳ! ಆದರೂ ಪದವನ್ನು ಕೈಬಿಟ್ಟೆ. ಘಟ್ಟದ ಮೇಲೆ ‘ತಿರುಗಾಟ’ ಎಂದರೆ ಕೆಲಸವಿಲ್ಲದವನ ಅಲೆದಾಟ. ಮೇಲಾಗಿ ಅದು ಒಂದು ತಂಡದ ಸಂಚಾರವಾದೀತೇ ಹೊರತು ಇಡೀ ಲೀಗಿನದ್ದಾಗದು.

ಹಂಗಾಮು ಎಂದು ನಿಶ್ಚಯಿಸಿದರೂ ಅದರ ವ್ಯಾಪ್ತಿಯನ್ನು ಸ್ಪಷ್ಟಪಡಿಸಬೇಕಾಗುತ್ತದೆ. ‘ಹ್ಯಾಮಿಲ್ಟನ್ ಈ ಹಂಗಾಮಿನಲ್ಲಿ ಮೂರೇ ಪಂದ್ಯ ಸೋತಿತು’ ಎಂಬ ವಾಕ್ಯ ಸರಿಯೇ? ಲೀಗ್ ಪಂದ್ಯಗಳಲ್ಲಿ ಸೋತದ್ದು ಮೂರು. ಅಂತಿಮ ಪಂದ್ಯವನ್ನೂ ಸೇರಿಸಿದರೆ ನಾಲ್ಕು. ಇಂಗ್ಲಿಷಿನವರು ಮೊದಲ ಭಾಗಕ್ಕೆ ಪ್ರತ್ಯೇಕ ಹೆಸರಿಟ್ಟು ಪಾರಾಗುತ್ತಾರೆ. ನಾನು ‘ಲೀಗ್ ಹಂತ’ ಎಂಬ ಬಳಕೆಯ ಮಾತನ್ನೇ ಅಲ್ಲಿಗೆ ಇಟ್ಟು, ಹಂಗಾಮನ್ನು ಜೂನ್‌ನಿಂದ ಗ್ರೇ ಕಪ್‌ವರೆಗಿನ ಇಡೀ ಅವಧಿಗೆ ಬಳಸಿದ್ದೇನೆ.

ಉಳಿದದ್ದು ಎರಡು. ಡಿಸೆಂಬರಿನಿಂದ ಮೇವರೆಗೆ ಆಟಗಾರರು ಮನೆಯಲ್ಲಿರುವ, ಆದರೆ ಖರೀದಿ, ಒಪ್ಪಂದ, ಆಯ್ಕೆಗಳ ಗದ್ದಲವೆಲ್ಲ ನಡೆಯುವ ಕಾಲವನ್ನು ‘ಬಿಡುವಿನ ಕಾಲ’ ಎಂದಿದ್ದೇನೆ. ಅದು ನಿದ್ದೆ ಹೋದಂತೆ ಕೇಳುತ್ತದೆಯೆಂಬ ಅಳುಕಿದೆ. ಮೊದಲ ಪಂದ್ಯಕ್ಕೆ ಮುಂಚಿನ ಅಭ್ಯಾಸ ಪಂದ್ಯಗಳ ಎರಡು ವಾರಗಳಿಗೆ ಪದವೇ ಸಿಕ್ಕಿಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನವಾದ ಮೇಲೆ, ಕಬ್ಬು ನುರಿಯತೊಡಗುವ ಮೊದಲು ಕೆಲವು ದಿನಗಳಿರುತ್ತವಲ್ಲ, ಅವುಗಳಿಗೆ ಕಾರ್ಮಿಕರ ಬಾಯಲ್ಲಿ ಏನಾದರೂ ಹೆಸರಿದೆಯೇ? ಆ ಭಾಗದವರು ದಯವಿಟ್ಟು ತಿಳಿಸಬೇಕು.