ಫ್ಲಾಸ್ಕಿನಲ್ಲಿ ಚೆನ್ನಾಗಿರುವ ಸಿಎಚ್‌ಒ ಸೆಲ್‌ಗಳು ರಿಯಾಕ್ಟರಿನಲ್ಲಿ 6ನೇ ದಿನಕ್ಕೇ ಸಾಯುತ್ತಿವೆ

ರಾತ್ರಿಪಾಳಿ:
ನಮಸ್ಕಾರ. ನಮ್ಮದು ಆಂಟಿಬಾಡಿ ಮಾಡುವ ಸಿಎಚ್‌ಒ (ಚೈನೀಸ್ ಹ್ಯಾಮ್‌ಸ್ಟರ್ ಅಂಡಾಶಯದ) ಸೆಲ್ ಲೈನ್. ಶೇಕ್ ಫ್ಲಾಸ್ಕಿನಲ್ಲಿ 12 ದಿನ ಆರಾಮಾಗಿ ಇರುತ್ತವೆ. ಅದೇ ಮೀಡಿಯಾ, ಅದೇ ಫೀಡ್ ಇಟ್ಟುಕೊಂಡು 3 ಲೀಟರ್ ರಿಯಾಕ್ಟರಿಗೆ (ಸೆಲ್ ಬೆಳೆಸುವ ಯಂತ್ರದ ಪಾತ್ರೆಗೆ) ಹಾಕಿದರೆ 6ನೇ ದಿನಕ್ಕೆ ವಯಬಿಲಿಟಿ (ಬದುಕಿರುವ ಸೆಲ್‌ಗಳ ಪಾಲು) ಶೇ. 97ರಿಂದ 71ಕ್ಕೆ ಬಿತ್ತು. ಎರಡು ಬ್ಯಾಚ್ ಹೀಗೇ ಹೋದವು. 37 ಡಿಗ್ರಿ, ಡಿಒ (ಕರಗಿದ ಆಮ್ಲಜನಕ) ಶೇ. 40, ಪಿಎಚ್ 7.0. ಸ್ಕ್ರೀನಿನಲ್ಲಿ ಎಲ್ಲ ಗೆರೆಯೂ ನೆಟ್ಟಗಿದೆ. ಕಲಕುವುದು ಜಾಸ್ತಿ ಆಯಿತೇನೋ ಎಂದು 200ರಿಂದ 150 ಆರ್‌ಪಿಎಂಗೆ ಇಳಿಸಿದೆ. ಪ್ರಯೋಜನ ಆಗಲಿಲ್ಲ. ಸೆಲ್‌ಗಳು ಹೊರಬಿಡುವ ಹುಳಿ, ಅಂದರೆ ಲ್ಯಾಕ್ಟೇಟ್, ಲೀಟರಿಗೆ 5 ಗ್ರಾಂ ಮುಟ್ಟಿದೆ.

ಬಿಳಿಕೋಟು:
ಗುಳ್ಳೆ ಒಡೆಯುವಾಗ ಸೆಲ್‌ಗೆ ಪೆಟ್ಟಾಗುತ್ತದೆ. ಅದನ್ನು ತಡೆಯುವ ಪ್ಲುರೊನಿಕ್ ಹಾಕಿದ್ದೀರಾ? ಮೈಕೊಪ್ಲಾಸ್ಮಾ (ಕಲ್ಚರಿಗೆ ಗೊತ್ತಾಗದೆ ಸೇರುವ ಬ್ಯಾಕ್ಟೀರಿಯಾ) ಟೆಸ್ಟ್ ಆಯಿತಾ?

ರಾತ್ರಿಪಾಳಿ:
ಪ್ಲುರೊನಿಕ್ ಲೀಟರಿಗೆ 1 ಗ್ರಾಂ ಇದೆ. ಮೈಕೊಪ್ಲಾಸ್ಮಾ ಪಿಸಿಆರ್ ನೆಗೆಟಿವ್.

ಹಳೇಪ್ರೋಬ್:
1957ರಿಂದ ಲ್ಯಾಬುಗಳಲ್ಲಿ ಬೆಳೆಯುತ್ತಿರುವ ಹ್ಯಾಮ್‌ಸ್ಟರ್ ಸೆಲ್ ಇವು, 200 ಆರ್‌ಪಿಎಂಗೆಲ್ಲ ಹೆದರುವುದಿಲ್ಲ. ಪಿಎಚ್ ಏರಿಸಲು ಹಾಕುವ ಬೇಸ್ (ಕ್ಷಾರ) ಎಷ್ಟು ಖರ್ಚಾಯಿತು? ಆಸ್ಮೊಲಾಲಿಟಿ (ದ್ರವದಲ್ಲಿ ಕರಗಿದ ಉಪ್ಪು ಮುಂತಾದವುಗಳ ಸಾಂದ್ರತೆ) ಎಷ್ಟಿದೆ? ಪಿಎಚ್ ಹೊರಗೆ ಅಳೆದಿರಾ?

ರಾತ್ರಿಪಾಳಿ:
2 ಲೀಟರ್ ಕಲ್ಚರಿಗೆ 1 ಮೋಲಾರ್ ಸೋಡಿಯಂ ಕಾರ್ಬೊನೇಟ್ 90 ಮಿಲಿ ಹೋಗಿದೆ. ಆಸ್ಮೊಲಾಲಿಟಿ 290 ಇದ್ದದ್ದು 420 ಆಗಿದೆ. ಹೊರಗೆ ಅಳೆದರೆ ಪಿಎಚ್ 7.3 ಬರುತ್ತದೆ. ಆದರೆ ಮೀಟರ್ ಕೆಳಗಿನ ಮಹಡಿಯಲ್ಲಿದೆ ಸರ್. ಒಯ್ಯುವಷ್ಟರಲ್ಲಿ ಸಿಒ2 ಹಾರಿಹೋಗಿ ಪಿಎಚ್ ಏರುತ್ತದೆ, ಅಲ್ವಾ? ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಹಳೇಪ್ರೋಬ್:
ಕಳ್ಳ ಸಿಕ್ಕಿದ ಹಾಗಿದೆ. ಸಿಒ2 ಹಾರುವುದು ನಿಜ. ಆದರೆ ಅದೇ ನೆಪದಲ್ಲಿ ರಿಯಾಕ್ಟರಿನೊಳಗೆ ಪಿಎಚ್ ಅಳೆಯುವ ಪ್ರೋಬ್ ತಪ್ಪಿಸಿಕೊಂಡಿರಬಹುದು. ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರವದಲ್ಲಿ) ಕ್ಯಾಲಿಬ್ರೇಟ್ ಮಾಡುವುದು ಆಟೋಕ್ಲೇವಿಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವುದಕ್ಕೆ) ಮೊದಲು. ಆಮೇಲೆ 121 ಡಿಗ್ರಿಯಲ್ಲಿ ಬೆಂದ ಪ್ರೋಬ್ ಸ್ವಲ್ಪ ಆಚೀಚೆ ಆಗುವುದು ಮಾಮೂಲು.

ನನ್ನ ಊಹೆ ಹೇಳುತ್ತೇನೆ. ಒಳಗೆ ಪಿಎಚ್ ನಿಜವಾಗಿ 7.2ರ ಮೇಲಿದೆ, ಪ್ರೋಬ್ ಮಾತ್ರ 7.0 ಅನ್ನುತ್ತಿದೆ. ಪಿಎಚ್ ಏರಿದರೆ ಸೆಲ್‌ಗಳು ಗ್ಲೂಕೋಸನ್ನು ಬೇಗ ಬೇಗ ತಿಂದು ಲ್ಯಾಕ್ಟೇಟ್ ಬಿಡುತ್ತವೆ. ಹುಳಿ ಜಾಸ್ತಿ ಆಯಿತೆಂದು ಪಂಪು ಬೇಸ್ ಸುರಿಯುತ್ತದೆ. ಪಿಎಚ್ ಇಳಿಯುವುದೇ ಇಲ್ಲ, ಮತ್ತೆ ಲ್ಯಾಕ್ಟೇಟ್, ಮತ್ತೆ ಬೇಸ್. ಬೇಸಿನ ಸೋಡಿಯಂ ಎಲ್ಲಿ ಹೋಗಬೇಕು? ಒಳಗೇ ಉಳಿದು ನಿಮ್ಮ ಸೆಲ್‌ಗಳು ಉಪ್ಪಿನಕಾಯಿ ಆಗಿವೆ. ಫ್ಲಾಸ್ಕಿಗೆ ಬೇಸ್ ಪಂಪೇ ಇಲ್ಲ, ಬದುಕಿಕೊಂಡಿವೆ.

ಸಿರಿಂಜಿನಲ್ಲಿ ಗಾಳಿ ಸೇರದ ಹಾಗೆ ಸ್ಯಾಂಪಲ್ ತೆಗೆದು, ಬಾಯಿ ಮುಚ್ಚಿ, 2 ನಿಮಿಷದೊಳಗೆ ಅಳೆಯಿರಿ. ಬ್ಲಡ್ ಗ್ಯಾಸ್ ಯಂತ್ರ (ಸ್ಯಾಂಪಲ್‌ನ ಪಿಎಚ್, ಸಿಒ2 ಅಳೆಯುವಂಥದ್ದು) ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಮೀಟರನ್ನೇ ಮೇಲಕ್ಕೆ ತನ್ನಿ. ಬಂದ ಅಂಕಿಗೆ ಪ್ರೋಬನ್ನು ಸರಿಹೊಂದಿಸಿ, ದಿನಕ್ಕೊಮ್ಮೆ ತಾಳೆ ನೋಡಿ. 6.9ಕ್ಕೆ ಇಳಿದರೆ ಮಾತ್ರ ಬೇಸ್, 7.1 ದಾಟಿದರೆ ಮಾತ್ರ ಸಿಒ2. ನಡುವೆ ಅವುಗಳ ಪಾಡಿಗೆ ಬಿಡಿ.

ರಾತ್ರಿಪಾಳಿ:
ಮೂರು ವಾರ ಆಯಿತು, ಕ್ಷಮಿಸಿ. ಮೀಟರ್ ಮೇಲಕ್ಕೆ ತಂದೆ. ಪ್ರೋಬ್ 7.01 ಅನ್ನುವಾಗ ಮೀಟರಿನಲ್ಲಿ 7.26! ಸರಿಹೊಂದಿಸಿ ಹೊಸ ಬ್ಯಾಚ್ ಹಾಕಿದೆ. ಲ್ಯಾಕ್ಟೇಟ್ 5ನೇ ದಿನ 1.8 ಗ್ರಾಂಗೆ ಏರಿ ತಾನಾಗಿಯೇ ಇಳಿಯಿತು. ಬೇಸ್ ಬರೀ 12 ಮಿಲಿ. 12ನೇ ದಿನ ವಯಬಿಲಿಟಿ ಶೇ. 88. ಈ ಪ್ರೋಬನ್ನು ಇಟ್ಟುಕೊಳ್ಳಲಾ, ಬಿಸಾಕಲಾ?

ಹಳೇಪ್ರೋಬ್:
ಸ್ಲೋಪ್ (ಪಿಎಚ್ ಬದಲಾದಾಗ ಪ್ರೋಬ್ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಶೇ. 90ಕ್ಕಿಂತ ಕಡಿಮೆ ಇದ್ದರೆ ಬಿಸಾಕಿ. ಬ್ಯಾಚ್ ಇಲ್ಲದಾಗ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಡುತ್ತೀರಿ ತಾನೆ?

ರಾತ್ರಿಪಾಳಿ:
ಡಿಸ್ಟಿಲ್ಡ್ ವಾಟರಿನಲ್ಲಿ ಇಡುತ್ತಿದ್ದೆ ಸರ್.

ಹಳೇಪ್ರೋಬ್:
ಹೊಸದು ತರಿಸಿ.